ಕೂದಲು ಕಸಿ ವಿಧಾನಗಳು

ಕೂದಲು ಕಸಿ ಎಂಬುದು ತಲೆಯ ಒಂದು ಭಾಗದಲ್ಲಿರುವ ಕೇಶಕೂಪಗಳನ್ನು, ಅಂದರೆ ಚರ್ಮದೊಳಗೆ ಕೂದಲಿನ ಬುಡವನ್ನು ಹಿಡಿದು ಬೆಳೆಸುವ ಸೂಕ್ಷ್ಮ ಚೀಲಗಳನ್ನು, ತೆಗೆದು ಕೂದಲು ಉದುರಿದ ಭಾಗದಲ್ಲಿ ನೆಡುವ ಶಸ್ತ್ರಚಿಕಿತ್ಸೆಯಾಗಿದೆ. ಇಂದು ಪ್ರಚಲಿತವಾಗಿರುವ ಮುಖ್ಯ ವಿಧಾನಗಳು ಎರಡು: ಹಿಂದಲೆಯಿಂದ ಚರ್ಮದ ಪಟ್ಟಿಯೊಂದನ್ನು ಕತ್ತರಿಸಿ ತೆಗೆಯುವ ಎಫ್‌ಯುಟಿ ಮತ್ತು ಕೇಶಕೂಪಗಳ ಗುಂಪುಗಳನ್ನು ಒಂದೊಂದಾಗಿ ಹೊರತೆಗೆಯುವ ಎಫ್‌ಯುಇ. ಇವೆರಡರ ವ್ಯತ್ಯಾಸವಿರುವುದು ಕೂದಲನ್ನು ತೆಗೆಯುವ ಬಗೆಯಲ್ಲಿ. ನೆಡುವ ಕ್ರಮ ಬಹುಮಟ್ಟಿಗೆ ಒಂದೇ.

ಆಧಾರ ತತ್ತ್ವ

ಪುರುಷರ ಬಕ್ಕತಲೆಗೆ ಆನುವಂಶಿಕತೆ ಹಾಗೂ ಡೈಹೈಡ್ರೋಟೆಸ್ಟೋಸ್ಟೆರೋನ್ ಎಂಬ ಹಾರ್ಮೋನು ಮುಖ್ಯ ಕಾರಣಗಳು. ಹಣೆಯ ಮೇಲಿನ ಹಾಗೂ ನೆತ್ತಿಯ ಕೇಶಕೂಪಗಳು ಈ ಹಾರ್ಮೋನಿನ ಪ್ರಭಾವದಿಂದ ಕ್ರಮೇಣ ಕುಗ್ಗುತ್ತವೆ. ಹಿಂದಲೆ ಮತ್ತು ಕಿವಿಯ ಮೇಲ್ಭಾಗದವು ಸಾಮಾನ್ಯವಾಗಿ ಕುಗ್ಗುವುದಿಲ್ಲ. ಹಿಂದಲೆಯ ಕೂದಲನ್ನು ಮುಂದಕ್ಕೆ ತಂದು ನೆಟ್ಟರೂ ಅದು ತನ್ನ ಮೂಲಗುಣವನ್ನು ಉಳಿಸಿಕೊಳ್ಳುತ್ತದೆ. ಇದನ್ನು ‘ದಾನಿ ಪ್ರಾಬಲ್ಯ’ ಎನ್ನುತ್ತಾರೆ.

ಈ ಚಿಕಿತ್ಸೆಯಿಂದ ಹೊಸ ಕೂದಲು ಸೃಷ್ಟಿಯಾಗುವುದಿಲ್ಲ. ಇರುವುದರ ಮರುಹಂಚಿಕೆಯಷ್ಟೇ ಆಗುತ್ತದೆ. ಒಮ್ಮೆ ತೆಗೆದ ಕೇಶಕೂಪ ಅದೇ ಜಾಗದಲ್ಲಿ ಮತ್ತೆ ಹುಟ್ಟುವುದಿಲ್ಲ. ಆದುದರಿಂದ ದಾನಿ ಭಾಗವು ಸೀಮಿತ ಸಂಗ್ರಹವಾಗಿದ್ದು, ವಿಧಾನದ ಆಯ್ಕೆಯಲ್ಲಿ ಏಳುವ ಎಲ್ಲ ಪ್ರಶ್ನೆಗಳೂ ಈ ಸಂಗತಿಯನ್ನೇ ಅವಲಂಬಿಸಿವೆ.

ಇತಿಹಾಸ

ಜಪಾನಿನ ಚರ್ಮವೈದ್ಯ ಶೋಜಿ ಒಕುಡಾ 1939ರಲ್ಲಿ ಸಣ್ಣ ಚರ್ಮದ ತುಣುಕುಗಳ ಮೂಲಕ ಕೂದಲು ನೆಡುವ ಕ್ರಮವನ್ನು ಪ್ರಕಟಿಸಿದರು. ಎರಡನೆಯ ಮಹಾಯುದ್ಧದ ಕಾರಣ ಅದು ಪಾಶ್ಚಾತ್ಯ ವೈದ್ಯರ ಗಮನಕ್ಕೆ ಬರಲಿಲ್ಲ. ನ್ಯೂಯಾರ್ಕಿನ ನಾರ್ಮನ್ ಓರೆಂಟ್ರೈಕ್ 1952ರಲ್ಲಿ ಬಕ್ಕತಲೆಗೆ ಕಸಿ ಮಾಡಿ, 1959ರಲ್ಲಿ ದಾನಿ ಪ್ರಾಬಲ್ಯದ ವಿಚಾರವನ್ನು ಪ್ರಕಟಿಸಿದರು. ಅನಂತರದ ದಶಕಗಳಲ್ಲಿ ಸುಮಾರು 4 ಮಿಲಿಮೀಟರ್ ವ್ಯಾಸದ ತುಣುಕುಗಳನ್ನು ನೆಡಲಾಗುತ್ತಿತ್ತು. ಒಂದೊಂದು ತುಣುಕಿನಿಂದಲೂ ಕೂದಲಿನ ಗೊಂಚಲು ಏಳುತ್ತಿದ್ದುದರಿಂದ ತಲೆಯು ಗೊಂಬೆಯ ತಲೆಯಂತೆ ಕಾಣುತ್ತಿತ್ತು. ಕೂದಲು ಕಸಿಯ ಬಗ್ಗೆ ಬಹುಕಾಲ ಉಳಿದ ಅಪಹಾಸ್ಯಕ್ಕೆ ಮೂಲ ಇದೇ.

ಕೂದಲು ಸಹಜವಾಗಿಯೇ ಒಂದರಿಂದ ನಾಲ್ಕರ ಗುಂಪುಗಳಲ್ಲಿ ಬೆಳೆಯುತ್ತದೆ. ಈ ಗುಂಪನ್ನೇ ಕಸಿಯ ಘಟಕವಾಗಿ ಬಳಸತೊಡಗಿದ ಮೇಲೆ ಫಲಿತಾಂಶ ಸುಧಾರಿಸಿತು. ಅಮೆರಿಕದ ಬಾಬಿ ಲಿಮ್ಮರ್ ಸೂಕ್ಷ್ಮದರ್ಶಕದಡಿ ಘಟಕಗಳನ್ನು ಬೇರ್ಪಡಿಸುವ ಪದ್ಧತಿಯನ್ನು ರೂಢಿಗೆ ತಂದರು. ರಾಬರ್ಟ್ ಬರ್ನ್‌ಸ್ಟೈನ್ ಮತ್ತು ವಿಲಿಯಂ ರಾಸ್ಮನ್ ಇದರ ವಿವರವನ್ನು 1995ರಲ್ಲಿಯೂ, ಎಫ್‌ಯುಇ ಕುರಿತ ಲೇಖನವನ್ನು 2002ರಲ್ಲಿಯೂ ಪ್ರಕಟಿಸಿದರು.

ಎಫ್‌ಯುಟಿ

ಹಿಂದಲೆಯಿಂದ ಸುಮಾರು ಒಂದು ಸೆಂಟಿಮೀಟರ್ ಅಗಲದ ನೀಳವಾದ ಪಟ್ಟಿಯನ್ನು ತೆಗೆದು ಗಾಯವನ್ನು ಹೊಲಿಯಲಾಗುತ್ತದೆ. ಸಹಾಯಕರು ಪಟ್ಟಿಯನ್ನು ಸೂಕ್ಷ್ಮದರ್ಶಕದಡಿ ಬಿಡಿಸಿ ಘಟಕಗಳನ್ನು ಸಿದ್ಧಪಡಿಸುತ್ತಾರೆ. ಕೇಶಕೂಪಗಳನ್ನು ಕಣ್ಣಾರೆ ಕಂಡು ಕತ್ತರಿಸುವುದರಿಂದ ಅವುಗಳಿಗೆ ಆಗುವ ಹಾನಿ ಕಡಿಮೆ. ತಲೆಯನ್ನು ಪೂರ್ತಿ ಬೋಳಿಸಬೇಕಾಗಿಲ್ಲ. ಆದರೆ ಹಿಂದಲೆಯಲ್ಲಿ ಗೆರೆಯಂತಹ ಕಲೆ ಶಾಶ್ವತವಾಗಿ ಉಳಿಯುತ್ತದೆ. ಕೂದಲು ಉದ್ದವಾಗಿದ್ದರೆ ಅದು ಮರೆಯಾಗುತ್ತದೆ. ತೀರ ಗಿಡ್ಡವಾಗಿ ಕತ್ತರಿಸಿಕೊಂಡರೆ ಕಾಣುತ್ತದೆ. ಗುಣವಾಗುವ ಅವಧಿಯಲ್ಲಿ ಬಿಗಿತ ಹಾಗೂ ನೋವು ಹೆಚ್ಚು.

ಎಫ್‌ಯುಇ

ಸಾಮಾನ್ಯವಾಗಿ 1 ಮಿಲಿಮೀಟರ್ ಅಥವಾ ಅದಕ್ಕಿಂತ ಕಿರಿದಾದ ಕೊಳವೆಯಂತಹ ಉಪಕರಣದಿಂದ ಪ್ರತಿ ಘಟಕದ ಸುತ್ತ ಕೊರೆದು, ಚಿಮಟದಿಂದ ಅದನ್ನು ಎತ್ತಲಾಗುತ್ತದೆ. ಹೊಲಿಗೆ ಇಲ್ಲ, ಗಾಯ ಬೇಗ ಮಾಯುತ್ತದೆ. ಆದರೂ ‘ಕಲೆರಹಿತ’ ಎಂಬ ಜಾಹೀರಾತಿನ ಮಾತು ಸರಿಯಲ್ಲ. ಗೆರೆಯ ಬದಲು ನೂರಾರು, ಸಾವಿರಾರು ಬಿಳಿ ಚುಕ್ಕೆಗಳು ಉಳಿಯುತ್ತವೆ, ಅಷ್ಟೆ. ಮಿತಿಮೀರಿ ತೆಗೆದಲ್ಲಿ ಹಿಂದಲೆಯು ನುಸಿ ತಿಂದ ಬಟ್ಟೆಯಂತೆ ಅಲ್ಲಲ್ಲಿ ತೆಳುವಾಗುತ್ತದೆ. ಚರ್ಮದೊಳಗಿನ ಬೇರು ಕಣ್ಣಿಗೆ ಕಾಣದಿರುವುದರಿಂದ ಕೊರೆಯುವ ಕೋನ ಸ್ವಲ್ಪ ತಪ್ಪಿದರೂ ಅದು ತುಂಡಾಗುತ್ತದೆ. ಬೇರು ಒಳಗೇ ಬಾಗಿರುವ ಗುಂಗುರು ಕೂದಲಿನವರಲ್ಲಿ ಈ ಅಪಾಯ ಹೆಚ್ಚು.

ಆಯ್ಕೆ

ಕೂದಲನ್ನು ಗಿಡ್ಡವಾಗಿಡುವವರಿಗೆ ಎಫ್‌ಯುಇ ಹೊಂದುತ್ತದೆ. ಗಡ್ಡ ಅಥವಾ ಎದೆಯ ಕೂದಲನ್ನು ಬಳಸಬೇಕಾದಾಗಲೂ ಇದೇ ದಾರಿ. ಕೂದಲನ್ನು ಉದ್ದವಾಗಿ ಬಿಡುವವರಿಗೆ, ತಲೆ ಬೋಳಿಸಲು ಒಪ್ಪದ ಮಹಿಳೆಯರಿಗೆ ಎಫ್‌ಯುಟಿ ಅನುಕೂಲಕರ. ಇವೆರಡೂ ಪರಸ್ಪರ ವಿರೋಧಿಗಳಲ್ಲ. ಮೊದಲು ಪಟ್ಟಿ ತೆಗೆದು, ವರ್ಷಗಳ ಬಳಿಕ ಎಫ್‌ಯುಇ ಮಾಡಿಸಿಕೊಳ್ಳುವುದುಂಟು.

ಡಿಎಚ್‌ಐ ಮುಂತಾದ ಹೆಸರುಗಳು ಗೊಂದಲ ಹುಟ್ಟಿಸುತ್ತವೆ. ಇದರಲ್ಲಿ ಕೂದಲು ತೆಗೆಯುವುದು ಎಫ್‌ಯುಇ ಕ್ರಮದಲ್ಲಿಯೇ. ನೆಡಲು ಮಾತ್ರ ಕೊರಿಯಾದಲ್ಲಿ ರೂಪುಗೊಂಡ, ಲೇಖನಿಯಂತಹ ಚೋಯ್ ಉಪಕರಣವನ್ನು ಬಳಸಲಾಗುತ್ತದೆ. ಕೂದಲು ತೆಗೆಯಲು ನೆರವಾಗುವ ರೋಬೋಟ್ ಯಂತ್ರಕ್ಕೆ ಅಮೆರಿಕದಲ್ಲಿ 2011ರಲ್ಲಿ ಅನುಮತಿ ದೊರೆಯಿತು. ಉಪಕರಣದ ಹೆಸರಿಗಿಂತ ಅದನ್ನು ಹಿಡಿಯುವವರು ಯಾರೆಂಬುದನ್ನು ವಿಚಾರಿಸುವುದು ಹೆಚ್ಚು ಉಪಯುಕ್ತ.

ವಿಧಾನಕ್ಕಿಂತ ಮೊದಲು ನಿರ್ಧಾರವಾಗಬೇಕಾದದ್ದು ಕಸಿ ಬೇಕೇ ಎಂಬುದು. ಇಪ್ಪತ್ತರ ಆಸುಪಾಸಿನ ಯುವಕನಲ್ಲಿ ಉದುರುವಿಕೆ ಎಲ್ಲಿಗೆ ನಿಲ್ಲುತ್ತದೆಂದು ಊಹಿಸುವುದು ಕಷ್ಟ. ಹಣೆಯ ಅಂಚಿಗೆ ದಟ್ಟವಾಗಿ ನೆಟ್ಟ ಬಳಿಕ ಹಿಂದಿನ ಸಹಜ ಕೂದಲು ಉದುರಿದರೆ, ಮುಂದೆ ಒಂದು ದ್ವೀಪ ಉಳಿದು, ಅದರ ಹಿಂದೆ ಬಯಲು ಕಾಣಿಸುತ್ತದೆ. ಅದನ್ನು ತುಂಬಲು ದಾನಿ ಕೂದಲು ಸಾಲದೆ ಹೋಗಬಹುದು. ಆದ್ದರಿಂದಲೇ ಅನೇಕ ವೈದ್ಯರು ಮೊದಲು ಮಿನಾಕ್ಸಿಡಿಲ್, ಫಿನಾಸ್ಟೆರೈಡ್ ಔಷಧಗಳಿಂದ ಉದುರುವಿಕೆಯನ್ನು ಹತೋಟಿಗೆ ತರಲು ಯತ್ನಿಸುತ್ತಾರೆ. ವೃತ್ತಾಕಾರವಾಗಿ ಕೂದಲುದುರುವ ಅಲೋಪೀಸಿಯಾ ಏರಿಯೇಟಾ ಸಕ್ರಿಯವಾಗಿರುವಾಗ ಕಸಿ ಸೂಕ್ತವಲ್ಲ.

ಸುರಕ್ಷತೆ

ಶಸ್ತ್ರಚಿಕಿತ್ಸೆಯು ಸ್ಥಳೀಯ ಅರಿವಳಿಕೆಯಲ್ಲಿ ಹಲವು ಗಂಟೆಗಳ ಕಾಲ ನಡೆಯುತ್ತದೆ. ಲಿಗ್ನೊಕೇಯ್ನ್ ಪ್ರಮಾಣ ಮಿತಿಮೀರಿದರೆ ಹೃದಯ ಹಾಗೂ ನರಮಂಡಲಕ್ಕೆ ಅಪಾಯವಿದೆ. 2016ರಲ್ಲಿ ಚೆನ್ನೈನಲ್ಲಿ ಕೂದಲು ಕಸಿಗೆ ಒಳಗಾದ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಮೃತಪಟ್ಟದ್ದು ದೇಶದಾದ್ಯಂತ ಸುದ್ದಿಯಾಯಿತು. ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ, ಸೂಕ್ತ ಶಸ್ತ್ರಚಿಕಿತ್ಸಾ ತರಬೇತಿ ಪಡೆದ ನೋಂದಾಯಿತ ವೈದ್ಯರೇ ಈ ಚಿಕಿತ್ಸೆ ನಡೆಸಬೇಕೆಂದು ಸೂಚಿಸಿತು. ಅಂತರ್ಜಾಲದ ವಿಡಿಯೋ ನೋಡಿ ಕಲಿತದ್ದು ತರಬೇತಿ ಎನಿಸುವುದಿಲ್ಲವೆಂದೂ ಅದು ಸ್ಪಷ್ಟಪಡಿಸಿತು.

ಚಿಕಿತ್ಸೆಯ ನಂತರ

ನೆಟ್ಟ ಕೂದಲು ಮೊದಲ ಕೆಲವು ವಾರಗಳಲ್ಲಿ ಬಹುಪಾಲು ಉದುರಿಹೋಗುತ್ತದೆ. ಬೇರು ಒಳಗೆ ಉಳಿದಿರುವುದರಿಂದ ಇದು ವಿಫಲತೆಯ ಲಕ್ಷಣವಲ್ಲ. ಸುತ್ತಲಿನ ಹಳೆಯ ಕೂದಲೂ ಆಘಾತದಿಂದ ತಾತ್ಕಾಲಿಕವಾಗಿ ಉದುರಬಹುದು. ಮೂರು-ನಾಲ್ಕು ತಿಂಗಳಿಗೆ ಹೊಸ ಬೆಳವಣಿಗೆ ಆರಂಭವಾಗಿ, ಸುಮಾರು ಒಂದು ವರ್ಷಕ್ಕೆ ಫಲಿತಾಂಶ ಸ್ಪಷ್ಟವಾಗುತ್ತದೆ. ನೆತ್ತಿಯ ಭಾಗದಲ್ಲಿ ಇನ್ನೂ ಕೆಲವು ತಿಂಗಳು ತಡವಾಗುವುದುಂಟು.