ಟ್ಯಾಂಕ್‌ಗೆ ಇಳಿಯುವ ಮೊದಲು ದೀಪ ಇಳಿಸಿ ನೋಡಿದರೆ ಸಾಕೇ?

"ಬಾವಿ, ಗುಂಡಿ, ಟ್ಯಾಂಕ್ ಯಾವುದೇ ಇರಲಿ, ಇಳಿಯುವ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಿ. ದೀಪ ಆರದಿದ್ದರೆ ಗಾಳಿ ಸರಿಯಿದೆ, ಧೈರ್ಯವಾಗಿ ಇಳಿಯಿರಿ." ಇಂಥ ಸಲಹೆ ವಾಟ್ಸಾಪ್‌ನಲ್ಲಿ ನಿಮಗೂ ಬಂದಿರಬಹುದು. ಯಗಟಿ, ಕಡೂರು ಕಡೆ ತೆಂಗಿನ ತೋಟದ ಬಾವಿಗಳ ಹೂಳು ತೆಗೆಸುವವರಿಗೂ ಇದು ಹೊಸ ಮಾತಲ್ಲ.

ಈ ಮಾತಿನಲ್ಲಿ ಅರ್ಧ ನಿಜವಿದೆ, ಅಪಾಯ ಇರುವುದೂ ಅಲ್ಲೇ. ನಾವು ಉಸಿರಾಡುವ ಗಾಳಿಯಲ್ಲಿ ಶೇ. 20.9ರಷ್ಟು ಆಮ್ಲಜನಕ ಇರುತ್ತದೆ. ಅದು ಶೇ. 16ರ ಆಸುಪಾಸಿಗೆ ಇಳಿದಾಗ ದೀಪ ಆರುತ್ತದೆ. ಹಾಗಾಗಿ ದೀಪ ಆರಿದರೆ ಇಳಿಯಬಾರದು ಎನ್ನುವುದು ಸರಿ. ಆದರೆ ಆರದಿದ್ದರೆ ಇಳಿಯಬಹುದು ಎನ್ನುವುದು ತಪ್ಪು. ಆಮ್ಲಜನಕ ಸಾಕಷ್ಟಿದ್ದಾಗಲೂ ಕೊಲ್ಲಬಲ್ಲ ಅನಿಲಗಳಿವೆ.

ಅವುಗಳಲ್ಲಿ ಮುಖ್ಯವಾದದ್ದು ಹೈಡ್ರೋಜನ್ ಸಲ್ಫೈಡ್. ಸಗಣಿ, ಮಲ, ಮೀನಿನ ತ್ಯಾಜ್ಯ, ಹಸಿಕಸ, ಹೀಗೆ ಏನೇ ಗಾಳಿಯಿಲ್ಲದ ಜಾಗದಲ್ಲಿ ಕೊಳೆತರೂ ಇದು ಹುಟ್ಟಬಹುದು. ಗಾಳಿಗಿಂತ ಭಾರ, ಆದ್ದರಿಂದ ತಳದಲ್ಲೇ ನಿಲ್ಲುತ್ತದೆ. ಗಾಳಿಯ 10 ಲಕ್ಷ ಪಾಲಿನಲ್ಲಿ ಇದು 700ರಿಂದ 1,000 ಪಾಲು ಇದ್ದರೆ ಕೆಲವೇ ಉಸಿರಿನಲ್ಲಿ ಮನುಷ್ಯ ಕುಸಿದು ಬೀಳಬಹುದು, ಸಾಯಲೂಬಹುದು. ಅಷ್ಟಕ್ಕೆ ದೀಪ ಆರುವುದಿಲ್ಲ. ಇನ್ನು ಗೋಬರ್ ಗ್ಯಾಸ್‌ನಲ್ಲಿರುವ ಮೀಥೇನ್ ಗಾಳಿಯಲ್ಲಿ ಶೇ. 5ರಿಂದ 15ರಷ್ಟು ಸೇರಿದ್ದಾಗ ನೀವು ಇಳಿಬಿಟ್ಟ ದೀಪವೇ ಸ್ಫೋಟಕ್ಕೆ ಕಿಡಿಯಾಗುತ್ತದೆ.

ವಾಸನೆಯಿಂದ ಗೊತ್ತಾಗುವುದಿಲ್ಲವೇ ಎಂದು ಕೇಳಬಹುದು. ಹೈಡ್ರೋಜನ್ ಸಲ್ಫೈಡ್‌ಗೆ ಕೊಳೆತ ಮೊಟ್ಟೆಯ ವಾಸನೆಯಿದೆ ನಿಜ. ಆದರೆ ಅದು 10 ಲಕ್ಷಕ್ಕೆ 100 ಪಾಲು ಮುಟ್ಟಿದರೆ ಕೆಲವೇ ನಿಮಿಷಗಳಲ್ಲಿ ಮೂಗು ಸೋಲುತ್ತದೆ, ವಾಸನೆಯೇ ಬರುವುದಿಲ್ಲ. ವಾಸನೆ ಹೋಯಿತು ಅಂದರೆ ಗ್ಯಾಸ್ ಹೋಯಿತು ಎಂದುಕೊಳ್ಳುವುದು ಇಲ್ಲೇ. ಮುಖಕ್ಕೆ ಕಟ್ಟಿದ ಒದ್ದೆ ಟವೆಲ್ ಆಗಲಿ, ಕೊರೊನಾ ಕಾಲದ ಎನ್-95 ಮಾಸ್ಕ್ ಆಗಲಿ ಇದನ್ನು ತಡೆಯುವುದಿಲ್ಲ. ಅವು ಧೂಳಿಗೆ.

ಮಂಗಳೂರಿನಲ್ಲಿ ನಡೆದದ್ದು

2022ರ ಏಪ್ರಿಲ್ 17ರಂದು ಬಜ್ಪೆ ಬಳಿಯ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕದಲ್ಲಿ ಕಾರ್ಮಿಕರೊಬ್ಬರು ತ್ಯಾಜ್ಯದ ಟ್ಯಾಂಕ್‌ನೊಳಗೆ ಕುಸಿದರು. ಅವರನ್ನು ಮೇಲೆತ್ತಲು ಜೊತೆಯವರು ಒಬ್ಬರ ಹಿಂದೊಬ್ಬರು ಇಳಿದರು. ಐದು ಜನ ಸತ್ತರು. ಎಲ್ಲರೂ ಪಶ್ಚಿಮ ಬಂಗಾಳದಿಂದ ದುಡಿಯಲು ಬಂದ ಹುಡುಗರು.

ಕಾಪಾಡಲು ಹೋದವರೇ ಸಾಯುವುದು ಇಂಥ ಅಪಘಾತಗಳಲ್ಲಿ ಅಪರೂಪವಲ್ಲ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ 1986ರಲ್ಲೇ ಎಚ್ಚರಿಸಿತ್ತು: ಇಕ್ಕಟ್ಟಾದ, ಗಾಳಿಯಾಡದ ಜಾಗಗಳಲ್ಲಿ ಸತ್ತವರಲ್ಲಿ ಶೇ. 60ಕ್ಕಿಂತ ಹೆಚ್ಚು ಜನ ಬೇರೆಯವರನ್ನು ಉಳಿಸಲು ಹೋದವರು.

2025ರ ಜುಲೈ 12ರಂದು ಅದೇ ಮಂಗಳೂರಿನ ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರದಲ್ಲಿ ಹೈಡ್ರೋಜನ್ ಸಲ್ಫೈಡ್ ಸೋರಿ ಇಬ್ಬರು ಸಿಬ್ಬಂದಿ ಸತ್ತರು. ಅವರು ಟ್ಯಾಂಕ್‌ನ ಒಳಗೆ ಇಳಿದವರಲ್ಲ, ಮೇಲ್ಭಾಗಕ್ಕೆ ಪರಿಶೀಲನೆಗೆ ಹೋದವರು. ನೆರವಿಗೆ ಹೋದ ಮೂರನೆಯವರೂ ಅಸ್ವಸ್ಥರಾದರು.

ಹಾಗಾದರೆ ತಪಾಸಣೆ ಅಂದರೆ ಏನು?

ಕಾರ್ಖಾನೆ ತಪಾಸಣೆ ಎಂದರೆ ಇನ್‌ಸ್ಪೆಕ್ಟರ್ ಬಂದು ರಿಜಿಸ್ಟರ್ ನೋಡಿ ಹೋಗುವುದು ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಕರ್ನಾಟಕದಲ್ಲಿ ಆ ಕೆಲಸ ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆಯದು. ಆದರೆ ಗುಂಡಿ, ಟ್ಯಾಂಕ್‌ಗಳ ವಿಷಯದಲ್ಲಿ ಜೀವ ಉಳಿಸುವ ತಪಾಸಣೆ ನಡೆಯಬೇಕಾದದ್ದು ಇಳಿಯುವ ದಿನ, ಇಳಿಯುವ ಮೊದಲು. 1948ರ ಕಾರ್ಖಾನೆ ಕಾಯ್ದೆಯ 36ನೇ ಕಲಂ ಇದನ್ನೇ ಹೇಳಿತ್ತು. ಅರ್ಹ ವ್ಯಕ್ತಿ ತಾನೇ ಪರೀಕ್ಷೆ ಮಾಡಿ, ಒಳಗೆ ಅಪಾಯಕಾರಿ ಅನಿಲವಿಲ್ಲ ಎಂದು ಬರೆದು ಕೊಡಬೇಕು. ಇಲ್ಲವೇ ಇಳಿಯುವವರಿಗೆ ಉಸಿರಾಟದ ಉಪಕರಣ ಇರಬೇಕು, ಸೊಂಟದ ಬೆಲ್ಟ್‌ಗೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಹೊರಗೆ ನಿಂತವರ ಕೈಯಲ್ಲಿರಬೇಕು.

ಪರೀಕ್ಷೆಗೆ ಬಳಸುವುದು ಮೊಬೈಲ್ ಗಾತ್ರದ ಗ್ಯಾಸ್ ಮೀಟರ್. ಸಾಮಾನ್ಯವಾಗಿ ಅದು ಆಮ್ಲಜನಕ, ಉರಿಯುವ ಅನಿಲ, ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್ ನಾಲ್ಕನ್ನೂ ಅಳೆಯುತ್ತದೆ. ಬಾಯಲ್ಲಿ, ನಡುವೆ, ತಳದಲ್ಲಿ ಮೂರು ಕಡೆ ಅಳೆಯಬೇಕು, ಯಾಕೆಂದರೆ ಪ್ರತಿ ಅನಿಲದ ತೂಕ ಬೇರೆ. ಇಲ್ಲಿಗೇ ಮುಗಿಯುವುದಿಲ್ಲ. ಮೀಟರ್ ಎಲ್ಲ ಸರಿ ಎಂದು ತೋರಿಸಿದ ಮೇಲೂ ಕೆಸರಿಗೆ ಕಾಲಿಟ್ಟು ಕಲಕಿದರೆ ಅದರಲ್ಲಿ ಸಿಕ್ಕಿಕೊಂಡಿದ್ದ ಗ್ಯಾಸ್ ಒಮ್ಮೆಲೇ ಹೊರಬರುತ್ತದೆ. ಬೆಳಿಗ್ಗೆ ನೋಡಿದ ಅಳತೆ ಮಧ್ಯಾಹ್ನಕ್ಕೆ ನಡೆಯುವುದಿಲ್ಲ ಎನ್ನುವುದು ಇದಕ್ಕೇ. ಬ್ಲೋವರ್‌ನಿಂದ ಗಾಳಿ ಬಿಡುತ್ತಲೇ ಇರಬೇಕು, ಮೀಟರ್ ಇಳಿದವರ ಮೈಮೇಲೇ ಇರಬೇಕು.

1948ರ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಔದ್ಯೋಗಿಕ ಸುರಕ್ಷತಾ ಸಂಹಿತೆ ಬಂದಿದೆ. ವಿದ್ಯುತ್ ಬಳಸುವ ಘಟಕ 'ಕಾರ್ಖಾನೆ' ಎನಿಸಿಕೊಳ್ಳಲು ಮೊದಲು 10 ಕಾರ್ಮಿಕರು ಸಾಕಿತ್ತು, ಈಗ 20 ಬೇಕು. ಹನ್ನೆರಡು ಜನ ದುಡಿಯುವ ಎಣ್ಣೆ ಮಿಲ್ಲು ಈಗ ಆ ಲೆಕ್ಕಕ್ಕೆ ಬರುವುದಿಲ್ಲ. ಗುಂಡಿಯಲ್ಲಿರುವ ಗ್ಯಾಸ್‌ಗೆ ಈ ಲೆಕ್ಕ ಗೊತ್ತಿಲ್ಲ, ಬಿಡಿ. ಮನೆಯ ಶೌಚಗುಂಡಿಗೆ ರಕ್ಷಣಾ ಸಾಧನವಿಲ್ಲದೆ ಆಳು ಇಳಿಸುವುದಂತೂ 2013ರ ಕಾಯ್ದೆ ಪ್ರಕಾರ ಅಪರಾಧ. ಅದಕ್ಕೆ ಸಕ್ಕಿಂಗ್ ಯಂತ್ರವನ್ನೇ ಕರೆಸಬೇಕು.

ಊರಿನಲ್ಲಿ ಮೀಟರ್ ಸಿಗುವುದಿಲ್ಲ, ಏನು ಮಾಡುವುದು? ಮೀಟರ್ ಇಲ್ಲದಿದ್ದರೆ ಇಳಿಯಬಾರದು, ಇದಕ್ಕೆ ಅಡ್ಡದಾರಿ ಇಲ್ಲ. ಯಾರಾದರೂ ಒಳಗೆ ಬಿದ್ದಿದ್ದರೆ ತಕ್ಷಣ 112ಕ್ಕೆ ಕರೆ ಮಾಡಿ, ಗ್ಯಾಸ್ ಇರಬಹುದು ಎಂದು ಹೇಳಿ. ಅಗ್ನಿಶಾಮಕ ಸಿಬ್ಬಂದಿ ಉಸಿರಾಟದ ಉಪಕರಣ ತರಬೇಕಾಗುತ್ತದೆ. ಬಿದ್ದವರ ಸೊಂಟಕ್ಕೆ ಮೊದಲೇ ಹಗ್ಗ ಕಟ್ಟಿದ್ದರೆ ಮೇಲಿನಿಂದಲೇ ಎಳೆಯಿರಿ. ಬ್ಲೋವರ್ ಇದ್ದರೆ ಮೇಲೆ ನಿಂತೇ ಒಳಗೆ ಗಾಳಿ ಬಿಡಿ, ಆದರೆ ಆಕ್ಸಿಜನ್ ಸಿಲಿಂಡರ್ ತೆರೆದು ಬಿಡಬೇಡಿ, ಬೆಂಕಿ ಹೊತ್ತಿಕೊಳ್ಳುತ್ತದೆ. ಬೀಡಿ, ದೀಪ ದೂರ ಇಡಿ. ಮೇಲೆ ನಿಂತವರಲ್ಲಿ ಒಬ್ಬರಾದರೂ, ಒಳಗಿರುವವರ ಅಣ್ಣ ತಮ್ಮಂದಿರನ್ನು ಇಳಿಯದಂತೆ ಹಿಡಿದು ನಿಲ್ಲಿಸಿ.