ಸರಕು ವಿತರಣೆಯ ದಾರಿ ಮತ್ತು ಇರುವೆ ಕ್ರಮವಿಧಿ: ಜಾಡು ಅಳಿಸುವುದರ ಪಾತ್ರ

ಡಿಪೋದಿಂದ ಹೊರಟ ಟ್ಯಾಂಕರುಗಳು ಎಲ್ಲ ಬಂಕುಗಳಿಗೂ ಪೆಟ್ರೋಲ್ ಮುಟ್ಟಿಸಿ, ಒಟ್ಟಾರೆ ಅತಿ ಕಡಿಮೆ ದೂರ ಓಡಿ ಮರಳಬೇಕು. ಜಾರ್ಜ್ ಡಾಂಟ್ಸಿಗ್ ಮತ್ತು ಜಾನ್ ರಾಮ್ಸರ್ 1959ರಲ್ಲಿ ಇದನ್ನು ಗಣಿತದ ಸಮಸ್ಯೆಯಾಗಿ ಮಂಡಿಸಿದರು. ವಾಹನ ಒಂದೇ ಇದ್ದು, ಡಿಪೋ ಸೇರಿ ತಾಣಗಳು 15 ಆದರೂ ಸಾಧ್ಯವಿರುವ ಸುತ್ತುಗಳು 4,358 ಕೋಟಿ ಮೀರುತ್ತವೆ. ತಾಣಗಳು ನೂರಾದಾಗ ಒಂದೊಂದನ್ನೂ ಎಣಿಸಿ ನೋಡುವ ಮಾತೇ ಇಲ್ಲ. ಅಲ್ಪಾವಧಿಯಲ್ಲಿ ಉತ್ತಮ ಉತ್ತರ ಸಿಕ್ಕರೆ ಸಾಕು ಎನ್ನಬೇಕಾಗುತ್ತದೆ.

ಇಂಥ ಉತ್ತರ ಹುಡುಕುವ ವಿಧಾನಗಳಲ್ಲಿ ಇರುವೆ ಕ್ರಮವಿಧಿ ಹೆಸರಾದದ್ದು. ಅದರ ಮೂಲ ಬ್ರಸೆಲ್ಸ್‌ನ ಗಾಸ್, ಡನ್ಯೂಬೂರ್ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಪ್ರಯೋಗ. ಗೂಡಿಗೂ ಆಹಾರಕ್ಕೂ ನಡುವೆ ಎರಡು ಕವಲಿನ ಸೇತುವೆ ಇಟ್ಟಾಗ, ಅರ್ಜೆಂಟೀನಾ ಇರುವೆಗಳು ಕ್ರಮೇಣ ಗಿಡ್ಡ ಕವಲಿಗೇ ಒಗ್ಗಿದವು. ಅದರಲ್ಲಿ ಹೋದವು ಬೇಗ ಮರಳುವುದರಿಂದ ಅಲ್ಲಿ ವಾಸನೆಯ ಜಾಡು ಬೇಗ ದಟ್ಟವಾಗುತ್ತದೆ. ಎಲ್ಲರೂ ಉಲ್ಲೇಖಿಸುವುದು ಇಷ್ಟನ್ನೇ. ಆದರೆ ಮೊದಲು ಉದ್ದದ ಕವಲನ್ನಷ್ಟೇ ಕೊಟ್ಟು, ಗಿಡ್ಡದ್ದನ್ನು ಆಮೇಲೆ ಜೋಡಿಸಿದಾಗ ಇರುವೆಗಳು ಬಹುಪಾಲು ಹಳೆಯ ದಾರಿಯಲ್ಲೇ ಉಳಿದವು. ನನ್ನ ದೃಷ್ಟಿಯಲ್ಲಿ ವಿತರಣೆಯ ಸಮಸ್ಯೆಗೆ ಹೆಚ್ಚು ಪಾಠ ಕೊಡುವುದು ಈ ಎರಡನೆಯ ಫಲಿತಾಂಶವೇ: ದಟ್ಟವಾದ ಜಾಡು ಹೊಸ ದಾರಿಯ ಹುಡುಕಾಟವನ್ನೇ ನಿಲ್ಲಿಸುತ್ತದೆ.

ಮಿಲಾನಿನಲ್ಲಿ ಮಾರ್ಕೊ ಡೊರಿಗೊ 1992ರ ಪಿಎಚ್.ಡಿ. ಪ್ರಬಂಧದಲ್ಲಿ ರೂಪಿಸಿದ ಕೃತಕ ಇರುವೆಗಳು ಇಲ್ಲಿಯೇ ನಿಸರ್ಗದಿಂದ ಬೇರೆಯಾಗುತ್ತವೆ. ಪ್ರತಿ ಸುತ್ತಿನ ಬಳಿಕ, ತಾಣದಿಂದ ತಾಣಕ್ಕೆ ಹೋಗುವ ಎಲ್ಲ ಕೊಂಡಿಗಳ ಮೇಲೆ ಅವು ಬಿಟ್ಟ ಜಾಡಿನ ಗುರುತೂ ನಿಗದಿತ ಪ್ರಮಾಣದಲ್ಲಿ ಆವಿಯಾಗುತ್ತದೆ. ಡೊರಿಗೊ ಮತ್ತು ಗಂಬಾರ್ದೆಲ್ಲ 1997ರಲ್ಲಿ ಇನ್ನೂ ಮುಂದೆ ಹೋದರು. ಅವರ ವಿಧಾನದಲ್ಲಿ ಇರುವೆ ಹಾದುಹೋದ ಕೊಂಡಿಯ ಗುರುತು ಹೆಚ್ಚುವ ಬದಲು ತುಸು ತಗ್ಗುತ್ತದೆ, ಹಿಂದೆ ಬರುವವು ಬೇರೆ ಕಡೆ ತಿರುಗಲಿ ಎಂದು. ಈವರೆಗಿನ ಅತ್ಯುತ್ತಮ ಸುತ್ತಿಗೆ ಮಾತ್ರ ಕೊನೆಯಲ್ಲಿ ಜಾಡು ಸೇರುತ್ತದೆ. ಯಾವ ಗೂಡಿನ ಇರುವೆಯೂ ಹೀಗೆ ನಡೆಯದು. ಕ್ರಮವಿಧಿಯ ಬಲ ಇರುವುದು ಈ ವ್ಯತ್ಯಾಸದಲ್ಲಿ.

ಗ್ರಾಹಕರು ಸಮಯ ನಿಗದಿ ಮಾಡಿದ ವಿತರಣೆಗೆ ಗಂಬಾರ್ದೆಲ್ಲ, ತೈಯಾರ್ ಮತ್ತು ಅಗಾತ್ಸಿ 1999ರಲ್ಲಿ ಕೃತಕ ಇರುವೆಗಳ ಎರಡು ಗುಂಪುಗಳನ್ನು ಬಳಸಿದರು. ಒಂದು ಗುಂಪು ವಾಹನಗಳ ಸಂಖ್ಯೆ ಇಳಿಸಿದರೆ, ಮತ್ತೊಂದು ಒಟ್ಟು ಪ್ರಯಾಣವನ್ನು ತಗ್ಗಿಸುತ್ತದೆ. ಇರುವೆ ಕಟ್ಟಿದ ದಾರಿಗಳ ತುಣುಕುಗಳನ್ನು ಅದಲುಬದಲು ಮಾಡಿ ತಿದ್ದುವ ಸ್ಥಳೀಯ ಶೋಧವೂ ಅಲ್ಲಿದೆ. ಈ ತಿದ್ದುಪಡಿಗೂ ಇರುವೆಗಳಿಗೂ ಸಂಬಂಧವಿಲ್ಲ, ಆದರೆ ಉತ್ತರದ ಗುಣಮಟ್ಟ ಬಹಳಮಟ್ಟಿಗೆ ಅದನ್ನೇ ನೆಚ್ಚಿದೆ.

ಪ್ರಾಣಿಗಳ ಹೆಸರು ಹೊತ್ತು ಬರುವ ಹೊಸ ವಿಧಾನಗಳಲ್ಲಿ ಎಷ್ಟೋ ಹಳೆಯ ತಂತ್ರಗಳೇ ಅಡಗಿವೆ ಎಂದು ಕೆನೆತ್ ಸೋರೆನ್ಸನ್ 2015ರಲ್ಲಿ ಮಾಡಿದ ಟೀಕೆ ಇಲ್ಲಿ ಪ್ರಸ್ತುತ. ಹೊಸ ವಿಧಾನ ಮಂಡಿಸುವವರು ಆವಿಯಾಗುವಿಕೆಯನ್ನು ಒಮ್ಮೆ, ಸ್ಥಳೀಯ ಶೋಧವನ್ನು ಮತ್ತೊಮ್ಮೆ ತೆಗೆದುಹಾಕಿ, ಅದೇ ದತ್ತಾಂಶದ ಮೇಲೆ ದೂರದ ಅಂಕಿಗಳನ್ನು ಪ್ರಕಟಿಸಬೇಕು. ಆಗ ಯಾವ ಅಂಶ ಎಷ್ಟು ಕಿಲೋಮೀಟರ್ ಉಳಿಸಿತೆಂದು ಓದುಗನೇ ಅಳೆಯಬಲ್ಲ.