ಕಲ್ಲಿನಲ್ಲಿ ಉಳಿದ ಕುಲವೃತ್ತಾಂತ

ಹಾಸನ ಸೀಮೆಯವರಿಗೆ ಶಾಸನವೆಂಬುದು ಹೊಸ ಮಾತಲ್ಲ. ನಮ್ಮ ಮೊಸಳೆ ಗ್ರಾಮದ ನಾಗೇಶ್ವರ, ಚೆನ್ನಕೇಶವ ಜೋಡಿ ಗುಡಿಗಳು ಹೊಯ್ಸಳರ ಕಾಲದವು. ಸುಮಾರು ೮೦೦ ವರ್ಷಗಳಷ್ಟು ಹಳೆಯವು. ಕ್ರಿ. ಶ. ಐದನೆಯ ಶತಮಾನದ ಹಲ್ಮಿಡಿ ಶಾಸನವೂ ಈ ಜಿಲ್ಲೆಯದೇ. ೧೯೩೬ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತರುವವರೆಗೆ ಅದು ಬರಿಯ ಕಲ್ಲು. ಓದಿದ ಮೇಲೆ ನಮ್ಮ ನುಡಿಯ ಪ್ರಾಚೀನತೆಗೆ ಸಾಕ್ಷಿ. ಮನುಷ್ಯನ ಉಳಿ ತಾಕದ ಇನ್ನೊಂದು ಬಗೆಯ ಶಾಸನವುಂಟು. ವಾಚಕರ ಮುಂದೆ ಇಂದು ಅದನ್ನು ಇಡುತ್ತೇನೆ.

ಬೆಂಗಳೂರಿನ ಲಾಲ್‌ಬಾಗಿಗೆ ಹೋದವರು ಕಂಬದಂತೆ ಎತ್ತರಕ್ಕೆ ಬೆಳೆದ, ಜನರು ಕ್ರಿಸ್ಮಸ್ ಮರವೆನ್ನುವ ವೃಕ್ಷವನ್ನು ನೋಡಿರಬಹುದು. ಸಸ್ಯಶಾಸ್ತ್ರಜ್ಞರು ಅದನ್ನು ಅರಾಕೇರಿಯ ಎನ್ನುತ್ತಾರೆ. ಅದರ ತವರು ಶಾಂತಸಾಗರದ ನ್ಯೂ ಕ್ಯಾಲಿಡೋನಿಯ. ೧೭೭೪ರಲ್ಲಿ ಕ್ಯಾಪ್ಟನ್ ಕುಕ್ಕನ ಹಡಗಿನವರು ದೂರದಿಂದ ಅವನ್ನು ಕಂಡು, ಮರಗಳೋ ಕಲ್ಲುಕಂಬಗಳೋ ಎಂದು ವಾದಕ್ಕಿಳಿದರಂತೆ! ಈ ಮರಕ್ಕೆ ಭೂಮಧ್ಯರೇಖೆಯ ಕಡೆಗೆ ವಾಲುವ ಸ್ವಭಾವವುಂಟು. ೨೫೬ ಮರಗಳನ್ನು ಅಳೆದ ವಿಜ್ಞಾನಿಗಳು, ಸರಾಸರಿ ವಾಲು ಎಂಟು ಡಿಗ್ರಿಗೂ ಮೀರಿದುದೆಂದು ೨೦೧೭ರಲ್ಲಿ ಪ್ರಕಟಿಸಿದರು. ನಿಮ್ಮ ಊರಿನಲ್ಲಿ ಈ ಮರವಿದ್ದರೆ ಅದು ತೆಂಕಣಕ್ಕೆ ಬಾಗಿದೆಯೇ ಎಂದು ನೀವೇ ನೋಡಬಹುದು.

ಈ ಕುಲದ ಮರಗಳು ಹೂ ಬಿಡವು. ಗಂಡು ಶಂಕುವಿನ ಪರಾಗವನ್ನು ಗಾಳಿ ಹೆಣ್ಣು ಶಂಕುವಿಗೆ ಒಯ್ಯುತ್ತದೆ. ಹೆಣ್ಣು ಶಂಕುವಿನಲ್ಲಿ ಶಲ್ಕಗಳು ಪದರುಪದರಾಗಿ ಕೂಡಿದ್ದು, ಒಂದೊಂದು ಶಲ್ಕಕ್ಕೆ ಒಂದೇ ಬೀಜವಿರುತ್ತದೆ. ಪೈನ್ ಮರದಲ್ಲಾದರೆ ಎರಡು. ಅಕ್ಷರದ ತಿರುವಿನಿಂದ ಲಿಪಿಜ್ಞರು ಶಾಸನದ ಕಾಲವನ್ನು ಗುರುತಿಸುವಂತೆ, ಈ ಒಂಟಿ ಬೀಜದ ಗುರುತಿನಿಂದ ತಜ್ಞರು ಕಲ್ಲಾದ ಶಂಕುವಿನ ಕುಲವನ್ನು ಹೇಳುತ್ತಾರೆ.

ಅರ್ಜೆಂಟೀನಾದ ಪೆಟಗೋನಿಯದಲ್ಲಿ ಸುಮಾರು ೧೬ ಕೋಟಿ ವರ್ಷಗಳ ಹಿಂದಿನ ಇಂಥ ಶಂಕುಗಳು ಒಳಗಿನ ಬೀಜದೊಡನೆ ಕಲ್ಲಾಗಿ ದೊರೆತಿವೆ. ನಮ್ಮ ದೇಶದಲ್ಲಿಯೂ ಕಚ್ಛ ಪ್ರದೇಶದಲ್ಲಿ, ಈಗಿನ ಝಾರ್ಖಂಡದ ರಾಜಮಹಲ್ ಬೆಟ್ಟಗಳಲ್ಲಿ ಈ ಕುಲದ ಪಳೆಯುಳಿಕೆಗಳಿವೆ. ಭಾರತದ ಇಂಥ ಸೂಚೀಪರ್ಣಿ ಪಳೆಯುಳಿಕೆಗಳನ್ನು ಕ್ರಮವಾಗಿ ಅಭ್ಯಸಿಸಿದವರು ಪ್ರೊ. ಬೀರಬಲ್ ಸಾಹನಿಯವರು. ಒಂದು ಕಾಲಕ್ಕೆ ಭಾರತ, ಆಸ್ಟ್ರೇಲಿಯ, ದಕ್ಷಿಣ ಅಮೆರಿಕ, ಆಫ್ರಿಕ, ಅಂಟಾರ್ಕ್ಟಿಕಗಳು ಗೊಂಡ್ವಾನವೆಂಬ ಒಂದೇ ಭೂಖಂಡವಾಗಿದ್ದುವು. ಅದು ಒಡೆದು, ಭಾರತವು ಬಡಗಣಕ್ಕೆ ಸರಿಯಿತು. ಹೂ ಬಿಡುವ ಮರಗಳು ಎಲ್ಲೆಡೆ ಹಬ್ಬಿದುವು. ಈ ಕುಲ ನಮ್ಮಲ್ಲಿ ಅಳಿಯಿತು. ಹೀಗಿರಲು, ಲಾಲ್‌ಬಾಗಿನ ಆ ಮರ ಪರದೇಶಿಯೆಂದು ಕಂಡರೂ ಪೂರ್ವಿಕರ ನೆಲಕ್ಕೆ ಮರಳಿದ ನೆಂಟನೆಂದೇ ಹೇಳಬೇಕು.

ಅಳಿಯಿತೆಂದುಕೊಂಡುದು ಉಳಿದಿರುವುದೂ ಉಂಟು. ೧೯೯೪ರಲ್ಲಿ ಸಿಡ್ನಿಗೆ ವಾಯವ್ಯದ ಆಳವಾದ ಕಣಿವೆಯಲ್ಲಿ ಇದೇ ಕುಲದ ವಾಲಮಿ ಮರ ಸಿಕ್ಕಿತು. ಅಲ್ಲಿ ಬಲಿತ ಮರಗಳು ನೂರಕ್ಕೂ ಕಡಿಮೆ. ೨೦೧೯-೨೦ರ ಕಾಡುಕಿಚ್ಚಿನಲ್ಲಿ ಅಗ್ನಿಶಾಮಕದವರು ಹೆಲಿಕಾಪ್ಟರಿನಿಂದ ಇಳಿದು, ನೀರು ಹಾಯಿಸಿ ಅವನ್ನು ಕಾಯ್ದರು.

ಜೀವಂತ ಮರಕ್ಕೆ ದೊರೆತ ಈ ರಕ್ಷಣೆ ಕಲ್ಲಾದ ಎಲ್ಲ ಮರಗಳಿಗೂ ದೊರೆತಿಲ್ಲ. ರಾಜಮಹಲ್ ಬೆಟ್ಟಗಳನ್ನು ಜಲ್ಲಿಗಾಗಿ ಒಡೆಯಲಾಗುತ್ತಿದೆ. ಎಲೆಯ ಅಚ್ಚು, ಬೀಜದ ಅಚ್ಚುಗಳು ರಸ್ತೆಯ ಹಾಸಾಗುತ್ತಿವೆ. ನಮ್ಮ ಹಾಸನದ ಬಂಡೆಗಳಲ್ಲಿ ಅಂಥ ಅಚ್ಚುಗಳನ್ನು ಹುಡುಕಿ ಫಲವಿಲ್ಲ. ನೆಲದ ಮೇಲೆ ಮರ ಹುಟ್ಟುವುದಕ್ಕೂ ಬಹು ಮೊದಲೇ, ಸುಮಾರು ೩೦೦ ಕೋಟಿ ವರ್ಷಗಳ ಹಿಂದೆ ಆದ ಕಲ್ಲುಗಳವು. ಆದುದರಿಂದ ಈ ವೃತ್ತಾಂತದ ಪುಟಗಳು ದೇಶದಲ್ಲಿ ಎಲ್ಲೋ ಕೆಲವೆಡೆ ಮಾತ್ರ ಇವೆ. ಬಟ್ಟೆ ಒಗೆಯುವ ಕಲ್ಲಾಗಿ ಅಕ್ಷರ ಸವೆದ ಶಾಸನಗಳಿಗಾಗಿ ಇಂದು ಮರುಗುವ ನಾವು, ಜಲ್ಲಿಯಾಗುತ್ತಿರುವ ಈ ಶಾಸನಗಳಿಗಾಗಿಯೂ ಒಂದು ಮಾತು ಆಡಬೇಡವೇ? ಎರಡಕ್ಕೂ ಮರುಪ್ರತಿಯಿಲ್ಲ.